‘ಟ’ ಅಕ್ಷರದ ಕಾರ್ಡು

ನಮ್ಮ ಸಮೋವಾದಲ್ಲಿ ಬಸ್ಸು ತುಂಬಿದರೆ ಯಾರೂ ನಿಲ್ಲುವುದಿಲ್ಲ, ಕೂತವರ ತೊಡೆಯ ಮೇಲೆ ಕೂರುತ್ತಾರೆ. ಇವತ್ತು ನನ್ನ ತೊಡೆಗೆ ಒಬ್ಬ ಸೊಸೆ ಬಂದಳು. ಪಕ್ಕದಲ್ಲಿ ಅವಳ ಅತ್ತೆ. ಅತ್ತೆಯ ಕೈಯಲ್ಲಿ ಮೊಮ್ಮಗಳ ಅಕ್ಷರದ ಕಾರ್ಡುಗಳು, ಒಂದೊಂದರಲ್ಲೂ ಮನೆಯವರ ಫೋಟೊ.

“ಪಾದ್ರಿಗಳ ಶಾಲೆ ಗೋಡೇಲಿ ‘ಟ’ ಅಂದ್ರೆ ಟಾವಾಲೆ, ಕಾರು. ನಾನೂ ಹಾಗೇ ಕಲ್ತೆ, ನನ್ನ ಮಗನೂ ಹಾಗೇ ಕಲ್ತ. ನೀನ್ಯಾಕೆ ಪೆನಿನಾ, ‘ಟ’ಗೆ ಟಮಾ, ಅಪ್ಪ ಅಂತ ಅವನ ಮೂತಿ ಅಂಟಿಸಿದೀಯ?”

“ಕಾರು ನಮ್ಮನೇಲೆಲ್ಲಿದೆ ಅತ್ತೆ?”

“ಅಪ್ಪ ಇದಾನಾ?”

“ನ್ಯೂಜಿಲೆಂಡಲ್ಲಿ ಸೇಬು ಕೀಳ್ತಿದಾರಲ್ಲ.”

“ಫೋನು ಒತ್ತಕ್ಕೆ ಬೆರಳಿಲ್ವಂತಾ? ಮಗಳು ಚರ್ಚಲ್ಲಿ ಪಾಠ ಒಪ್ಪಿಸಿದ ದಿನಾನೂ ಸುದ್ದಿ ಇಲ್ಲ. ಅಂಥವನಿಗೆ ಕಾರ್ಡು ಬೇರೆ ಕೇಡು!”

“ನಿಮ್ಮ ಮಗಾನೇ ತಾನೆ?”

“ಅದಕ್ಕೇ ಹೊಟ್ಟೆ ಉರಿಯೋದು. ಎಲ್ಲಾ ಮಕ್ಳೂ ಕಾರು ಅಂತ ಕೂಗ್ತವೆ, ಇವಳೊಬ್ಬಳು ಅಪ್ಪ ಅಂತಾಳೆ. ಊರೆಲ್ಲ ತಿರುಗಿ ನೋಡುತ್ತೆ. ಈ ಕಾರ್ಡು ಹೇಗೂ ಹಾಳಾಗಿದೆ, ಬಿಸಾಕು.”

“ಸುಮ್ನೆ ಹಾಳಾಗಿಲ್ಲ. ಮಗು ಮುತ್ತು ಕೊಟ್ಟೂ ಕೊಟ್ಟೂ ಮುಖ ಅಳಿಸೋಗಿದೆ. ಇವತ್ತು ಹೊಸದು ಮಾಡ್ಸಿ ಪ್ಲಾಸ್ಟಿಕ್ ಹಾಕ್ಸೇ ಹಾಕ್ಸ್ತೀನಿ. ಎಷ್ಟಾದ್ರೂ ಬೈಕೊಳ್ಳಿ.”

ಅತ್ತೆ ಆ ಕಾರ್ಡನ್ನು ಹತ್ತಿರ ಹಿಡಿದು ನೋಡಿದಳು. ಆಪಿಯಾದ ಮಾರುಕಟ್ಟೆ ಬಂತು. ಸೊಸೆ ನನ್ನ ತೊಡೆಯಿಂದ ಎದ್ದಳು.

“ಎರಡು ಮಾಡ್ಸು,” ಅಂದಳು ಅತ್ತೆ, ಮೆಟ್ಟಿಲಿಳಿಯುತ್ತಾ.

“ಒಂದು ಸಾಕು ಅತ್ತೆ. ಇರೋದೊಂದು ಮಗು.”

“ಹೇಳಿದಷ್ಟು ಮಾಡು.”