ನಜ್ಲಾಳ ಮದುವೆಯ ಡೇರೆ

ಅಧ್ಯಕ್ಷರಾದ ಹಾಜಿ ಬಯೂಮಿಯವರೇ, ವೇದಿಕೆಯ ಗಣ್ಯರೇ, ಮುಂದಿನ ಸಾಲಿನಲ್ಲಿರುವ ನನ್ನ ಅಳಿಯ, ಕಂಪನಿಯ ಮ್ಯಾನೇಜರ್ ವಗ್ದಿಯವರೇ, ಮಗಳೇ ನಜ್ಲಾ, ಕೈರೋದ ನಮ್ಮ ಡೇರೆ ಹೊಲಿಯುವವರ ಬೀದಿಯ ಸಮಸ್ತ ಸಭಿಕರೇ,

ಫಲಕ ಕೊಟ್ಟಿರಿ, ಬಸ್ಬೂಸಾ ತಿನ್ನಿಸಿದಿರಿ, ಹೊಗಳಿದಿರಿ. ಯಾರಾದರೂ ಇಷ್ಟು ಸಿಹಿ ತಿನ್ನಿಸಿದರೆ ನಾನು ಮೊದಲು ಜೇಬು ಮುಟ್ಟಿ ನೋಡಿಕೊಳ್ಳುತ್ತೇನೆ. ನಗಬೇಡಿ, ಈಗಲೂ ಮುಟ್ಟಿಕೊಂಡೇ ನಿಂತಿದ್ದೇನೆ.

ಕಾಗದ ಮಡಚಿ, ವಿನ್ಯಾಸ ಬರೆದು, ಗೆರೆಯುದ್ದಕ್ಕೂ ಸೂಜಿ ಚುಚ್ಚಿ, ಇದ್ದಿಲ ಪುಡಿ ಉಜ್ಜಿ ಡೇರೆಯ ಬಟ್ಟೆಗೆ ಇಳಿಸಿದವನು ನಾನು. ಈಗ ಕಂಪನಿಗೆ ತಾನೇ ವಿನ್ಯಾಸ ಬರೆಯುವ ಯಂತ್ರ ಬಂದಿದೆ. ನನ್ನ ಹಳೆಯ ಕೆಲಸವನ್ನೆಲ್ಲ ಅದಕ್ಕೆ ಉಣಿಸಿದ್ದಾರೆ. ಟೀ ಕುಡಿಯುವಷ್ಟರಲ್ಲಿ ನೂರು ವಿನ್ಯಾಸ ಕಕ್ಕುತ್ತದೆ. ವಗ್ದಿ ಹೇಳಿದರು: "ಮಾವ, ಇನ್ಮೇಲೆ ನೀವು ಬರೆಯೋದೇ ಬೇಡ. ಆರಾಮಾಗಿ ಕೂತ್ಕೊಂಡು ಇದು ಇರಲಿ, ಇದು ಬೇಡ ಅನ್ನಿ, ಸಾಕು. ಹೆಸರು ನಿಮ್ದೇ ಇರುತ್ತೆ." ಕೈ ಬೇಡವಂತೆ, ಹೆಸರು ಮಾತ್ರ ಬೇಕಂತೆ! ಇದು ಬಡ್ತಿಯೋ, ಶೋಕಸಭೆಯೋ?

ನಿಮಗೆಲ್ಲ ಗೊತ್ತು, ಮಗಳ ಮದುವೆಗೆಂದು ಬರೆದ ವಿನ್ಯಾಸವನ್ನು ನಮ್ಮ ಬೀದಿಯಲ್ಲಿ ಎರಡನೆಯ ಸಲ ಹೊಲಿಯುವುದಿಲ್ಲ. ಚುಚ್ಚಿದ ಕಾಗದವನ್ನು ಮದುವೆಯ ಬೆಳಿಗ್ಗೆಯೇ ಸುಡುತ್ತೇವೆ. ನಜ್ಲಾಳದ್ದನ್ನು ಅವಳ ತಾಯಿಯೇ ಒಲೆಗೆ ಹಾಕಿದಳು. ಕಮಲದ ನಡುವೆ, ಮಗಳು ತಾರಸಿಯಲ್ಲಿ ಸಾಕಿದ್ದ ಕುಂಟು ಬಾತುಕೋಳಿ ಬರೆದಿದ್ದೆ. "ಅಪ್ಪಾ, ಅದನ್ನ ಬಿಟ್ಟು ನಾನು ಹೋಗಲ್ಲ" ಎಂದು ಹಠ ಹಿಡಿದಿದ್ದಳಲ್ಲ! ಆ ಡೇರೆಯ ಬಟ್ಟೆ ಇರುವುದು ಅವಳ ಮನೆಯಲ್ಲಿ ಮಾತ್ರ.

ಈಗ ನನ್ನ ಬೆನ್ನ ಹಿಂದಿನ ಬಟ್ಟೆಯ ಪರದೆ ನೋಡಿ. ಯಂತ್ರವೇ ಬರೆದದ್ದೆಂದು ಅಧ್ಯಕ್ಷರು ಆಗಲೇ ಹೆಮ್ಮೆಯಿಂದ ಹೇಳಿದರು. ಕಮಲದ ನಡುವೆ ಏನದು? ಕುಂಟು ಬಾತುಕೋಳಿ! ಯಂತ್ರಕ್ಕೇನು ತಾರಸಿ ಗೊತ್ತೇ? ಮಗಳ ಮನೆಯ ಬಟ್ಟೆಯ ಫೋಟೋ ತೆಗೆದು ಅದಕ್ಕೆ ಕೊಟ್ಟವರು ಯಾರು? ವಗ್ದಿ, ನಿಮ್ಮನ್ನೇ ಕೇಳುತ್ತಿದ್ದೇನೆ. ತಲೆ ಅಲ್ಲಾಡಿಸಬೇಡಿ. ನಿಮ್ಮ ಮೇಲೆ ನನಗೆ ಮೊದಲಿನಿಂದಲೂ...

ನಜ್ಲಾ? ನೀನ್ಯಾಕಮ್ಮ ತಲೆ ತಗ್ಗಿಸಿದೆ?

ಕ್ಷಮಿಸಿ, ಒಂದು ಗುಟುಕು ನೀರು ಕುಡಿಯುತ್ತೇನೆ. ಮೊನ್ನೆ ಇವಳು ಹೇಳಿದ್ದಳು: "ಅಪ್ಪಾ, ನಿಮ್ಮ ಕೈ ನಡುಗ್ತಿದೆ. ಇದೆಲ್ಲ ನಿಮ್ಮ ಜೊತೆಗೇ ಹೋಗ್ಬಿಡುತ್ತಲ್ಲ!" ಫೋಟೋ ಕೊಟ್ಟ ಅವಳ ಭಯ ಈಗ ಅರ್ಥವಾಗುತ್ತಿದೆ. ಆದರೂ ನನಗೆ ತುಂಬಾ ನೋವಾಗಿದೆ.

ಸಭಿಕರೇ, ಹೊಸ ಕೆಲಸವನ್ನು ಒಪ್ಪಿಕೊಂಡಿದ್ದೇನೆ. ಇರಲಿ, ಬೇಡ ಅನ್ನುವುದು ತಾನೆ? ಈಗಲೇ ಶುರುಮಾಡುತ್ತೇನೆ. ಈ ಪರದೆ ಬೇಡ. ಇಳಿಸಿ. ಇಳಿಸುವವರೆಗೆ ಮೈಕ್ ಬಿಡುವುದಿಲ್ಲ.

ಹಾಂ, ಹಾಗೆ. ಮಡಚಿ ಮಗಳ ಕೈಗೆ ಕೊಡಿ. ಒಲೆಗೆ ಹಾಕಲು ಅವಳ ತಾಯಿ ಈಗಿಲ್ಲ, ಅವಳೇ ಹಾಕಲಿ.

ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೂ, ಬಸ್ಬೂಸಾ ಮಾಡಿದವರಿಗೂ ಧನ್ಯವಾದ. ನಮಸ್ಕಾರ.