ನೀಲಿಯಾದ ಬಂಗಾರದ ನೀರು

ನಾನು ಮೋನಪ್ಪ ತಂದೆ ವೀರಪ್ಪ ಪತ್ತಾರ, ವಯಸ್ಸು 68, ಮೂರನೇ ಇಯತ್ತೆ ಓದಿದವನು, ಮೊದಲು ಆಳಂದದಲ್ಲಿ ಬಂಗಾರದ ಕೆಲಸ, ಈಗ ಅಫಜಲಪುರದ ಖಾಸಗಿ ಕಾಲೇಜೊಂದರ ಪ್ರಯೋಗಶಾಲೆಯಲ್ಲಿ ಕಾವಲು, ವಾಸ ಬಸ್ ನಿಲ್ದಾಣದ ಹಿಂದೆ. ಬೆಳಿಗ್ಗೆ ನಾನೇ ಕೊಟ್ಟ ಫಿರ್ಯಾದಿಯ ಬಗ್ಗೆ ಮತ್ತೆ ಠಾಣೆಗೆ ಬಂದು ತಿಳಿಸುವುದೇನೆಂದರೆ,

ಇಂದು ಬೆಳಿಗ್ಗೆ 9.10ಕ್ಕೆ ರಸಾಯನಶಾಸ್ತ್ರದ ಪ್ರಮಿಲಾ ಮೇಡಂ ಗಾಜಿನ ಪಾತ್ರೆಯಲ್ಲಿ ತಿಳಿ ಹಳದಿ ನೀರು ಇಟ್ಟಿದ್ದರು. ಬಂಗಾರ ಕರಗಿದ ನೀರು ಎಂದು ಅವರೇ ಹೇಳಿದರು. ನಾನು ಚಹಾ ಕುಡಿದು 9.50ಕ್ಕೆ ಬಂದಾಗ ಮೇಡಂ ಇರಲಿಲ್ಲ. ಮಣ್ಣೂರಿನ ಶಾಲೆಯ ಮಕ್ಕಳಿಗೆ ಪ್ರಯೋಗ ತೋರಿಸಲು ಬಸ್ಸಿಗೆ ಹೋಗಿದ್ದರು. ಪಾತ್ರೆಯಲ್ಲಿ ನೀಲಿ ನೀರಿತ್ತು. ಅದರಿಂದ ಎರಡು ಮೊಳ ದೂರದಲ್ಲಿ ಕಸ ಗುಡಿಸುವ ಪೀರಬಿ, ವಯಸ್ಸು 52, ನಿಂತಿದ್ದಳು.

ನಮ್ಮ ಕಸುಬಿನಲ್ಲಿ ಬಂಗಾರದ ನೀರು ಹಳದಿ, ತಾಮ್ರದ ನೀರು ನೀಲಿ. ನಲವತ್ತು ವರ್ಷ ಬಂಗಾರ ಕರಗಿಸುವ ತೇಜಾಬಿನಲ್ಲಿ ಕೈ ಸುಟ್ಟುಕೊಂಡವನಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಇವಳು ಬಂಗಾರ ತೆಗೆದುಕೊಂಡು ತಾಮ್ರದ ನೀರು ಸುರಿದಿದ್ದಾಳೆ ಎಂದುಕೊಂಡೆ. ಗೇಟಿನವರೆಗೆ ಎಳೆದು ತಂದು ಸುಮಾರು ನಲವತ್ತು ವಿದ್ಯಾರ್ಥಿಗಳ ಎದುರು "ಎಲ್ಲಿ ಇಟ್ಟೀದಿ ಬೇ ಕಳ್ಳಿ, ತೆಗಿ" ಎಂದೆ. "ಕಾಕಾ, ನಾ ನೆಲಾ ಒರಸಾಕತ್ತಿದ್ದೆ, ಮ್ಯಾಲಿಂದು ಮುಟ್ಟಿಲ್ಲ" ಎಂದಳು. ಕೇಳಲಿಲ್ಲ. ಅವಳ ಡಬ್ಬಿ ತೆರೆಸಿ ಎರಡು ರೊಟ್ಟಿ ಮುರಿದು ನೋಡಿದೆ. ಒಳಗೆ ಏನೂ ಇರಲಿಲ್ಲ. ಆದರೂ 10.30ಕ್ಕೆ ಠಾಣೆಗೆ ಕರೆತಂದೆ. ಕಾಲೇಜಿನವರು ಅವಳಿಂದ ಕೀಲಿ ಕಸಿದುಕೊಂಡು ನಾಳೆಯಿಂದ ಬರಬೇಡ ಎಂದರು.

ಮಧ್ಯಾಹ್ನ 3.15ಕ್ಕೆ ಮೇಡಂ ಠಾಣೆಗೆ ಬಂದರು. ಸಾಹೇಬರ ಮೇಜಿನ ಮೇಲೆ ಅಂಥದೇ ಹಳದಿ ನೀರಿಟ್ಟು, ಬಂಗಾರದ ಬೀಜವೆಂದು ಕೆಂಪು ನೀರಿನ ಹನಿ ಬಿಟ್ಟು, ಬೆಳ್ಳಿ ಉಪ್ಪಿನ ನೀರು, ವಿಟಮಿನ್ ಸಿ ಕದಡಿದ ನೀರು ಹಾಕಿ ಅಲ್ಲಾಡಿಸಿದರು. ಅರ್ಧ ನಿಮಿಷದೊಳಗೆ ನೀಲಿಯಾಯಿತು. "ಬಂಗಾರ ಎಲ್ಲೂ ಹೋಗಿಲ್ರಿ ಅಜ್ಜಾರ, ಇದರಾಗ ಅದ. ಕಣ್ಣಿಗಿ ಕಾಣದಂಥ ಕಾಳು, ಮದಗುಣಕಿ ಕಾಯಿಗತೆ ಸುತ್ತ ಮುಳ್ಳು. ಮುಳ್ಳು ಬಂದಿದ್ದಕ್ಕ ಈ ಬಣ್ಣ" ಎಂದರು. ಬೆಳಿಗ್ಗೆಯೂ ತಾವೇ ಹೀಗೆ ಮಾಡಿಟ್ಟು ಹೋಗಿದ್ದಾಗಿ ಹೇಳಿದರು. ನನಗೆ ಹೇಳಿ ಹೋಗಲಿಕ್ಕೆ ಏನಾಗಿತ್ತು ಎಂದು ಅವರ ಮೇಲೂ ಹರಿಹಾಯ್ದೆ. ಒಂದು ಫೋನ್ ಹಚ್ಚಲಿಕ್ಕೆ ನಿಮಗೇನಾಗಿತ್ತು ಎಂದು ಕೇಳಿದರು.

ಪೀರಬಿಯದು ತಪ್ಪಿಲ್ಲ. ತಪ್ಪು ನನ್ನದು. ಫಿರ್ಯಾದಿ ವಾಪಸ್ ತೆಗೆದುಕೊಂಡಿದ್ದೇನೆ. ಮನೆಗೆ ಹೋಗು ಎಂದರೆ ಅವಳು ಬೆಂಚು ಬಿಟ್ಟು ಏಳಲಿಲ್ಲ. "ಗೇಟಿನ್ಯಾಗ ಕಳ್ಳಿ ಅಂದಿ, ಅಲ್ಲಂತ ಗೇಟಿನ್ಯಾಗೇ ಹೇಳು" ಎಂದಳು. ನಾಳೆ ಹೇಳುತ್ತೇನೆ ಎಂದೆ. "ಇವತ್ತು ರಾತ್ರಿ ಕಳ್ಳಿಯಾಗೇ ಮಲಗ್ಲೇನ ಕಾಕಾ?" ಎಂದಳು.

ಕಾಲೇಜು 4.30ಕ್ಕೆ ಬಿಡುತ್ತದೆ, ವಿದ್ಯಾರ್ಥಿಗಳು ಹೋಗುವ ಮೊದಲು ಗೇಟು ಮುಟ್ಟಬೇಕು. ಗೇಟು ಇಲ್ಲಿಂದ 700 ಮೀಟರ್. ನನ್ನ ಮೊಣಕಾಲಿಗೆ ಇಪ್ಪತ್ತು ನಿಮಿಷ ಬೇಕು. ಬೇಗ ಬರೆಯಿರಿ ಎಂದು ಜಮಾದಾರರಿಗೆ ಮೂರು ಸಲ ಹೇಳಿದ್ದೇನೆ, ಅದನ್ನೂ ಬರೆಯಲಿ. ಪೀರಬಿ ಎದ್ದು ಬಾಗಿಲಲ್ಲಿ ನಿಂತಿದ್ದಾಳೆ.

ಓದಿ ಹೇಳಿದ್ದನ್ನು ಕೇಳಿದೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ಖರೆ, ಯಾರ ಒತ್ತಾಯವೂ ಇಲ್ಲ.

ಸ್ಥಳ: ಅಫಜಲಪುರ
ದಿನಾಂಕ: 11-02-2025, ವೇಳೆ ಸಂಜೆ 4.06
ಸಹಿ: ಮೋನಪ್ಪ ಪತ್ತಾರ