ಬಲಗಡೆಯ ಕೆಲಸ

ಹೃದ್ರೋಗ ವಿಭಾಗದ ಬೆಂಚಿನಲ್ಲಿ ಕೂತಿದ್ದ ಅಂಚೆಯಣ್ಣ ಪೇಪರಿನ ಮರೆಯಿಂದಲೇ ಪಕ್ಕದ ದರ್ಜಿ ದಂಪತಿಯ ಮಾತಿಗೆ ಕಿವಿಗೊಟ್ಟಿದ್ದ. ದರ್ಜಿಯ ಹೆಗಲಲ್ಲಿ ಹೃದಯದ ಎಡಭಾಗಕ್ಕೆ ಅಳವಡಿಸಿದ್ದ ಪಂಪಿನ ಬ್ಯಾಟರಿ ಚೀಲವಿತ್ತು.

“ಎಡಗಡೆ ಪಂಪು ಕುದುರೆ ಥರ ಓಡ್ತಿದೆ ಕಣೇ. ಮತ್ಯಾಕೆ ಕಾಲು ಊದ್ಕೊಂಡಿದೆ?”

“ಬಲಗಡೆಗೆ ಪಂಪಿಲ್ವಲ್ಲ! ಅಷ್ಟೊಂದು ರಕ್ತ ವಾಪಸ್ ಬಂದ್ರೆ ಅದೊಂದೇ ಹೇಗೆ ತಳ್ಳುತ್ತೆ? ಸ್ಪೀಡು ಇಳಿಸ್ಬೇಕು ಅಂದ್ರಲ್ಲ ಡಾಕ್ಟ್ರು.”

“ಇಳಿಸೋದಾ? ಈಗಷ್ಟೇ ಮೆಟ್ಟಿಲು ಹತ್ತೋ ಹಾಗಾಗಿದೀನಿ!”

“ನಿಮ್ಮ ಹೊಲಿಗೆ ಮಿಷನ್‌ಗೆ ಮೋಟಾರು ಹಾಕಿಸಿದ್ರಲ್ಲ, ಬಟ್ಟೆ ಕತ್ತರಿಸಿ ಕೊಡೋಳು ಮಾತ್ರ ನಾನೊಬ್ಳೇ. ಬೆರಳೆಲ್ಲ ಊದಿತ್ತು.”

“ಒಂದು ಮಾತು ಹೇಳ್ಬಾರ್ದಿತ್ತಾ?”

“ಹೇಳ್ದೆ. ಮೋಟಾರಿನ ಸದ್ದಲ್ಲಿ ನಿಮಗೆಲ್ಲಿ ಕೇಳಿಸ್ಬೇಕು?”

ಒಳಗಿನಿಂದ ನರ್ಸ್ ಕರೆದಳು. ದರ್ಜಿ ಎದ್ದು ಹೆಂಡತಿಯತ್ತ ಕೈ ಚಾಚಿದ.

“ಬಾರೇ, ಎರಡರ ಸ್ಪೀಡೂ ಇಳಿಸಿಬಿಡೋಣ.”